ಹಳೆಯ ಒಡಲಿಗೆ ಹೊಸ ಎಂಜಿನು

ಬೆಂಗಳೂರಿನ ಹೊರವಲಯದಲ್ಲಿ ಯಂತ್ರವಿದ್ಯೆಯು ಎರಡು ರೂಪಗಳನ್ನು ತಳೆದು ನಿಂತಿದೆ. ಪೀಣ್ಯದ ಕಡೆ ಹೋದರೆ ಅದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಿದ್ಯೆ. ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಮುಂದೆ ನಿಂತ ಕೆಲಸಗಾರರು ಉಕ್ಕನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆದು ಗೇರು, ದಂಡ, ಬುಷ್ಷುಗಳನ್ನು ಮಾಡಿ ಕಳುಹಿಸುತ್ತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆ ಅದು ಕಣ್ಣಿಗೆ ಕಾಣದ ವಿದ್ಯೆ. ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿಯು ೧೯೯೬ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಂಶೋಧನಾ ಸಂಸ್ಥೆಯು ಇಂದು ವೈಟ್‌ಫೀಲ್ಡಿನಲ್ಲಿದೆ. ದೂರದೇಶದ ವಾಹನಗಳನ್ನು ಕುರಿತ ಲೆಕ್ಕಾಚಾರವು ಇಲ್ಲಿನ ತರುಣ ತರುಣಿಯರ ಗಣಕಯಂತ್ರಗಳಲ್ಲಿ ನಡೆಯುತ್ತದೆ. ಹೀಗೆ ಕೈಚಳಕವೂ ಲೆಕ್ಕಾಚಾರವೂ ನೆರೆಹೊರೆಯಲ್ಲಿರುವ ಊರಿನಲ್ಲಿ ಒಂದು ಆಸೆಯು ಹುಟ್ಟಿಕೊಳ್ಳುವುದು ಸಹಜವೇ ಆಗಿದೆ. ಮನೆಯಲ್ಲಿ ತಂದೆ ಕೊಂಡಿದ್ದ ಹಳೆಯ ಚಿಕ್ಕ ಕಾರೊಂದು ಇರುತ್ತದೆ. ಅದರ ಎಂಜಿನು ಮುದಿಯಾಗಿರುತ್ತದೆ. ಅದನ್ನು ತೆಗೆದುಹಾಕಿ, ಜಪಾನಿನಿಂದಲೋ ಯೂರೋಪಿನಿಂದಲೋ ಬಂದ ಹೆಚ್ಚು ಬಲದ ಎಂಜಿನೊಂದನ್ನು ಕೂರಿಸಿಬಿಟ್ಟರೆ ಹೇಗೆ?

ಈ ಪ್ರಶ್ನೆಗೆ ಹಿರಿಯರು ಸಾಮಾನ್ಯವಾಗಿ ‘ಹುಚ್ಚಾಟ’ ಎಂಬ ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ಕಿರಿಯರು ಅದನ್ನು ಕೇಳಿಸಿಕೊಳ್ಳದೆ ಮುಂದಕ್ಕೆ ಹೋಗುತ್ತಾರೆ. ಎರಡು ಕಡೆಯವರೂ ಲೆಕ್ಕ ಹಾಕಿ ನೋಡಿದವರಲ್ಲ. ಎಂಜಿನನ್ನು ಬದಲಾಯಿಸುವ ಕೆಲಸ ತನ್ನಷ್ಟಕ್ಕೆ ತಾನೇ ತಪ್ಪಲ್ಲವೆಂದೂ, ಉಳಿದುದೆಲ್ಲವನ್ನೂ ಹಾಗೆಯೇ ಬಿಟ್ಟು ಎಂಜಿನನ್ನು ಮಾತ್ರ ಬದಲಾಯಿಸುವುದು ಅಪಾಯಕರವೆಂದೂ, ಈ ವ್ಯತ್ಯಾಸವನ್ನು ಗುರುತಿಸುವ ಹಾದಿಯೊಂದನ್ನು ನಮ್ಮ ಕಾನೂನು ತೆರೆಯಬೇಕೆಂದೂ ಈ ಲೇಖನದ ವಾದ.

ಕಾರ್ಖಾನೆಗಳೇ ಮಾಡಿದ ಕೆಲಸ

ಹಳೆಯ ಒಡಲಿಗೆ ಹೊರನಾಡಿನ ಎಂಜಿನನ್ನು ಜೋಡಿಸುವುದು ಪಡ್ಡೆ ಹುಡುಗರ ಕಲ್ಪನೆಯೆಂದು ಯಾರೂ ಭಾವಿಸಬಾರದು. ನಮ್ಮ ದೇಶದ ಮೋಟಾರು ಕೈಗಾರಿಕೆಯು ಬಹುಕಾಲ ಬದುಕಿದ್ದೇ ಈ ಉಪಾಯದಿಂದ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯ ಅಂಬಾಸಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಹುಟ್ಟಿದ್ದು. ಅದರ ಒಡಲು ಐವತ್ತರ ದಶಕದ್ದು. ಅದರ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನೂ ಅದೇ ಕಾಲದ ವಂಶದ್ದು. ೧೯೯೨ರ ಹೊತ್ತಿಗೆ ಸಂಸ್ಥೆಯು ಅದೇ ಒಡಲಿಗೆ ಜಪಾನಿನ ಇಸುಜು ಕಂಪನಿಯ ೧೮೧೭ ಘನ ಸೆಂಟಿಮೀಟರಿನ, ಸುಮಾರು ೭೫ ಅಶ್ವಶಕ್ತಿಯ ಎಂಜಿನನ್ನು ಕೂರಿಸಿತು. ಅದರ ಜೊತೆಗೆ ಐದು ವೇಗದ ಹೊಸ ಗೇರುಪೆಟ್ಟಿಗೆಯನ್ನೂ ಕೊಟ್ಟಿತು ಎಂಬುದನ್ನು ಗಮನಿಸಬೇಕು. ಹೊಸ ಎಂಜಿನು ಹಳೆಯ ಗೇರುಪೆಟ್ಟಿಗೆಯ ಮೇಲೆ ಸವಾರಿ ಮಾಡಲಿಲ್ಲ.

ಅದೇ ಸಂಸ್ಥೆಯ ಕಾಂಟೆಸಾ ಕಾರಿನ ಕಥೆ ಇನ್ನೂ ಬೋಧಪ್ರದವಾಗಿದೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ದೊಡ್ಡ ಒಡಲನ್ನು ತಂದು ೧೯೮೪ರಲ್ಲಿ ಮಾರಾಟಕ್ಕೆ ಇಟ್ಟಾಗ, ಅದರೊಳಗೆ ಇದ್ದುದು ಅಂಬಾಸಡರ್ ಕಾರಿನ ಸುಮಾರು ೫೦ ಅಶ್ವಶಕ್ತಿಯ ಹಳೆಯ ಎಂಜಿನು. ಆನೆಯ ಮೈಗೆ ಆಡಿನ ಗುಂಡಿಗೆ ಇಟ್ಟಂತಾಯಿತು. ಕೆಲವು ವರ್ಷಗಳ ಮೇಲೆ ಇಸುಜು ಎಂಜಿನು ಬಂದಮೇಲೆಯೇ ಆ ಕಾರು ತನ್ನ ಮೈಗೆ ತಕ್ಕಂತೆ ನಡೆಯಿತು. ಪ್ರೀಮಿಯರ್ ಸಂಸ್ಥೆಯು ೧೯೮೫ರಲ್ಲಿ ಹೊರತಂದ ೧೧೮ ಎನ್‌ಇ ಎಂಬ ಕಾರಿನಲ್ಲಿ ಇಟಲಿಯ ಫಿಯಟ್ ೧೨೪ರ ಒಡಲಿಗೆ ಜಪಾನಿನ ನಿಸಾನ್ ಕಂಪನಿಯ ೧೧೭೧ ಘನ ಸೆಂಟಿಮೀಟರಿನ ಎಂಜಿನನ್ನು ಹೊಂದಿಸಲಾಗಿತ್ತು. ಹೆಸರಿನ ಕೊನೆಯ ಎರಡು ಅಕ್ಷರಗಳೇ ‘ನಿಸಾನ್ ಎಂಜಿನು’ ಎಂಬುದರ ಸಂಕ್ಷೇಪ. ಇದಕ್ಕೆ ತದ್ವಿರುದ್ಧವಾದ ಪ್ರಯೋಗವೂ ಅದೇ ವರ್ಷ ನಡೆಯಿತು. ಮದ್ರಾಸಿನ ಸ್ಟ್ಯಾಂಡರ್ಡ್ ಸಂಸ್ಥೆಯು ರೋವರ್ ಕಂಪನಿಯ ಹೊಸಬಗೆಯ ಒಡಲಿಗೆ ತನ್ನ ಹಳೆಯ ವ್ಯಾನ್‌ಗಾರ್ಡ್ ವಂಶದ ಎಂಜಿನನ್ನು ಹಾಕಿ ಸ್ಟ್ಯಾಂಡರ್ಡ್ ೨೦೦೦ ಎಂದು ಮಾರಿತು. ಆ ಕಾರು ನಾಲ್ಕು ವರ್ಷವೂ ಬಾಳಲಿಲ್ಲ.

ಈ ನಿದರ್ಶನಗಳಿಂದ ತಿಳಿಯುವ ಸಂಗತಿ ಒಂದುಂಟು. ಒಡಲೂ ಎಂಜಿನೂ ಬೇರೆ ಬೇರೆ ಮನೆತನದವು ಎಂಬ ಕಾರಣದಿಂದಲೇ ಸಂಬಂಧವು ಕೆಡುವುದಿಲ್ಲ. ಇಬ್ಬರ ಶಕ್ತಿಯೂ ಹೊಂದಬೇಕು, ನಡುವೆ ನಿಂತು ಹೊಂದಿಸುವವನಿಗೆ ಲೆಕ್ಕ ಗೊತ್ತಿರಬೇಕು; ಅಷ್ಟೆ.

ವೇಗದ ಲೆಕ್ಕ

ಆ ಲೆಕ್ಕವನ್ನು ಈಗ ನೋಡೋಣ. ಇದಕ್ಕೆ ಹೈಸ್ಕೂಲಿನ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಉದಾಹರಣೆಗೆ, ೧೯೮೩ರ ಡಿಸೆಂಬರಿನಲ್ಲಿ ಬಂದು ೨೦೧೪ರವರೆಗೆ ತಯಾರಾದ ಮಾರುತಿ ೮೦೦ ಕಾರನ್ನು ತೆಗೆದುಕೊಳ್ಳಬಹುದು. ಮೂರು ಸಿಲಿಂಡರುಗಳ, ೭೯೬ ಘನ ಸೆಂಟಿಮೀಟರಿನ ಎಂಜಿನು. ಬಲ ಸುಮಾರು ೩೭ ಅಶ್ವಶಕ್ತಿ. ಬರಿಯ ಕಾರಿನ ತೂಕ ಸುಮಾರು ೬೫೦ ಕಿಲೋಗ್ರಾಂ. ಹನ್ನೆರಡು ಅಂಗುಲದ ಚಕ್ರಗಳು. ಅದೇ ಸುಜುಕಿ ಕಂಪನಿಯು ತನ್ನ ಸ್ವಿಫ್ಟ್ ಜಿಟಿಐ ಎಂಬ ಕಾರಿಗಾಗಿ ಜೋಡಿ ಕ್ಯಾಮ್ ದಂಡಗಳ, ಹದಿನಾರು ಕವಾಟಗಳ, ೧.೩ ಲೀಟರಿನ ಎಂಜಿನೊಂದನ್ನು ಮಾಡಿತ್ತು. ಅದರ ಬಲ ಸುಮಾರು ೧೦೦ ಅಶ್ವಶಕ್ತಿ. ಒಂದೇ ಮನೆತನದವು, ಗಾತ್ರದಲ್ಲಿ ಬಹಳ ಅಂತರವಿಲ್ಲ. ಇಂಥ ಎಂಜಿನಿನ ಮೇಲೆ ಹವ್ಯಾಸಿಗಳಿಗೆ ಕಣ್ಣು ಬೀಳುವುದು ಆಶ್ಚರ್ಯವಲ್ಲ.

ಕಾರಿನೊಳಗೆ ಇಬ್ಬರು ಕುಳಿತು ಒಟ್ಟು ತೂಕ ೮೦೦ ಕಿಲೋಗ್ರಾಂ ಆಯಿತೆಂದು ಇಟ್ಟುಕೊಳ್ಳೋಣ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಈ ಕಾರಿನ ಚಲನಶಕ್ತಿ ಸುಮಾರು ೧,೧೧,೦೦೦ ಜೌಲು. ವೇಗ ಇಮ್ಮಡಿಯಾಗಿ ೧೨೦ ಆದರೆ ಶಕ್ತಿಯು ಇಮ್ಮಡಿಯಾಗುವುದಿಲ್ಲ. ನಾಲ್ಕು ಮಡಿಯಾಗಿ ಸುಮಾರು ೪,೪೪,೦೦೦ ಜೌಲಿಗೆ ಏರುತ್ತದೆ. ಕಾರು ನಿಲ್ಲಬೇಕಾದರೆ ಈ ಶಕ್ತಿಯೆಲ್ಲವೂ ಎಲ್ಲಿಯಾದರೂ ಹೋಗಲೇಬೇಕು. ಅದು ಬ್ರೇಕಿನ ಬಿಲ್ಲೆಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ.

ಮುಂಚಕ್ರಗಳ ಎರಡು ಬಿಲ್ಲೆಗಳೂ ಸೇರಿ ೬ ಕಿಲೋಗ್ರಾಂ ಎರಕದ ಕಬ್ಬಿಣವಿದೆಯೆಂದೂ, ಲೆಕ್ಕದ ಸೌಕರ್ಯಕ್ಕಾಗಿ ಶಾಖವೆಲ್ಲ ಅವುಗಳಲ್ಲೇ ನಿಲ್ಲುತ್ತದೆಯೆಂದೂ ಭಾವಿಸೋಣ. ಕಬ್ಬಿಣದ ವಿಶಿಷ್ಟ ಶಾಖವು ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ ಸುಮಾರು ೪೬೦ ಜೌಲು. ಹಾಗಾದರೆ ೬೦ರ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಬಿಲ್ಲೆಗಳ ಉಷ್ಣತೆ ಸುಮಾರು ೪೦ ಡಿಗ್ರಿ ಏರುತ್ತದೆ. ೧೨೦ರಿಂದ ನಿಲ್ಲಿಸಿದಾಗ ಸುಮಾರು ೧೬೦ ಡಿಗ್ರಿ ಏರುತ್ತದೆ. ಒಮ್ಮೆ ನಿಲ್ಲಿಸಿ, ಬಿಲ್ಲೆ ಆರುವ ಮೊದಲೇ ಮತ್ತೆ ಓಡಿಸಿ ಮತ್ತೆ ನಿಲ್ಲಿಸಿದರೆ ಶಾಖವು ಒಂದರ ಮೇಲೊಂದು ಕೂಡಿಕೊಳ್ಳುತ್ತ ಹೋಗುತ್ತದೆ. ಬ್ರೇಕಿನ ಪ್ಯಾಡುಗಳು ಅತಿಯಾಗಿ ಕಾದಾಗ ಅವುಗಳ ಹಿಡಿತ ಸಡಿಲವಾಗುತ್ತದೆ. ಡಾಟ್ ೩ ಎಂಬ ಸಾಮಾನ್ಯ ಬ್ರೇಕು ಎಣ್ಣೆಯ ಕುದಿಯುವ ಮಟ್ಟವು ಹೊಸದಾಗಿದ್ದಾಗ ೨೦೫ ಡಿಗ್ರಿಗೆ ಕಡಿಮೆಯಿಲ್ಲದಿರಬೇಕು ಎಂಬುದು ನಿಯಮ. ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಅದು ೧೪೦ ಡಿಗ್ರಿಯವರೆಗೆ ಇಳಿಯಬಹುದು. ಎಣ್ಣೆ ಕುದಿದು ಆವಿಯ ಗುಳ್ಳೆಗಳು ಎದ್ದರೆ ಕಾಲಿನ ಕೆಳಗಿನ ಪೆಡಲು ಬೆಣ್ಣೆಯಂತೆ ಒಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಏಕೆಂದರೆ ದ್ರವವನ್ನು ಒತ್ತಿ ಕುಗ್ಗಿಸಲು ಬಾರದು, ಆವಿಯನ್ನು ಕುಗ್ಗಿಸಬಹುದು.

ರಜೆಯ ದಿನ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗುವ ಬೆಂಗಳೂರಿನ ತರುಣರಿಗೆ ಈ ಸಂಗತಿಯು ವಿಶೇಷವಾಗಿ ಮನನೀಯ. ಇದೇ ೮೦೦ ಕಿಲೋಗ್ರಾಮಿನ ಕಾರು ೫೦೦ ಮೀಟರು ಎತ್ತರದಿಂದ ಇಳಿದರೆ ಅದು ಬಿಟ್ಟುಕೊಡುವ ಸ್ಥಾನಶಕ್ತಿ ಸುಮಾರು ೩೯ ಲಕ್ಷ ಜೌಲು. ಎಂದರೆ ೧೨೦ರ ವೇಗದಿಂದ ಎಂಟೊಂಬತ್ತು ಸಲ ಹಠಾತ್ತಾಗಿ ನಿಲ್ಲಿಸಿದುದಕ್ಕೆ ಸಮಾನ. ಕೆಳಗಿನ ಗೇರಿನಲ್ಲಿಟ್ಟು ಎಂಜಿನಿನ ತಡೆಯನ್ನೇ ಬಳಸಿಕೊಂಡು ಇಳಿಯಬೇಕೆಂದು ಅನುಭವಿಗಳು ಹೇಳುವುದರ ಅರ್ಥ ಇದು. ಹತ್ತುವಾಗ ಹೊಸ ಎಂಜಿನು ಮಾಡಿದ ಸಾಹಸವನ್ನೆಲ್ಲ ಇಳಿಯುವಾಗ ಹಳೆಯ ಬ್ರೇಕು ತೀರಿಸಿಕೊಡಬೇಕಾಗುತ್ತದೆ.

ಇನ್ನು ನಿಲ್ಲುವ ದೂರ. ಒಣ ರಸ್ತೆಯಲ್ಲಿ ಟೈರಿನ ಘರ್ಷಣಾಂಕ ೦.೭ ಎಂದು ಇಟ್ಟುಕೊಂಡರೆ, ೬೦ರ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು ೨೦ ಮೀಟರು ಜಾರಿ ನಿಲ್ಲುತ್ತದೆ. ೧೨೦ರ ಕಾರು ಸುಮಾರು ೮೦ ಮೀಟರು ಹೋಗುತ್ತದೆ. ಚಾಲಕನು ಅಪಾಯವನ್ನು ಕಂಡು ಕಾಲು ಎತ್ತುವ ಒಂದು ಸೆಕೆಂಡಿನಲ್ಲಿ ಮೊದಲನೆಯದು ೧೭ ಮೀಟರು, ಎರಡನೆಯದು ೩೩ ಮೀಟರು ಮುಂದುವರಿದಿರುತ್ತದೆ. ಒಟ್ಟಿನಲ್ಲಿ ೩೭ ಮೀಟರೆಲ್ಲಿ, ೧೧೩ ಮೀಟರೆಲ್ಲಿ! ಬಸ್ಸಿಗೆ ಕಾದು ನಿಂತವರು, ಪಾಳಿ ಮುಗಿಸಿ ರಸ್ತೆ ದಾಟುವ ಕಾರ್ಖಾನೆಯ ಹೆಂಗಸರು, ಎದುರು ದಿಕ್ಕಿನಿಂದ ನುಗ್ಗಿ ಬರುವ ಸೈಕಲ್ಲುಗಳು ತುಂಬಿರುವ ನಮ್ಮ ರಸ್ತೆಗಳಲ್ಲಿ ಈ ೭೬ ಮೀಟರುಗಳ ವ್ಯತ್ಯಾಸವು ಒಂದು ಜೀವದ ಬೆಲೆಯಾಗಬಹುದು. ಎಂಜಿನಿಗೆ ಹಣ ಕೊಟ್ಟವನು ಆ ಬೆಲೆಯನ್ನು ತೆರುವುದಿಲ್ಲ. ರಸ್ತೆ ದಾಟುತ್ತಿದ್ದವರು ತೆರುತ್ತಾರೆ.

ಉಳಿದ ಅಂಗಗಳು

ಬಲ ಹೆಚ್ಚಿದಾಗ ಶ್ರಮ ಬೀಳುವುದು ಬ್ರೇಕೊಂದಕ್ಕೇ ಅಲ್ಲ. ಹಳೆಯ ಎಂಜಿನಿನ ತಿರುಚುಬಲ ಸುಮಾರು ೬೦ ನ್ಯೂಟನ್-ಮೀಟರು. ಹೊಸದರದು ಸುಮಾರು ೧೧೦. ಮೊದಲನೆಯ ಗೇರಿನಲ್ಲಿ ಒಟ್ಟು ಅನುಪಾತ ೧೫ ಎಂದು ಹಿಡಿದರೆ ಚಕ್ರಗಳ ದಂಡಗಳು ಮೊದಲು ೯೦೦ರಷ್ಟನ್ನು ತಡೆಯುತ್ತಿದ್ದವು, ಈಗ ೧೬೫೦ನ್ನು ತಡೆಯಬೇಕು. ಕ್ಲಚ್ಚು ಜಾರುತ್ತದೆ, ಗೇರಿನ ಹಲ್ಲು ಸವೆಯುತ್ತದೆ, ದಂಡದ ಕೀಲು ಕಿತ್ತುಬರುತ್ತದೆ.

ಶಾಖವನ್ನು ಹೊರಹಾಕುವ ಪ್ರಶ್ನೆ ಬೇರೆ. ಪೆಟ್ರೋಲು ಎಂಜಿನು ದುಡಿಮೆಯಾಗಿ ಕೊಡುವಷ್ಟೇ ಶಾಖವನ್ನು ಸ್ಥೂಲವಾಗಿ ತಣಿಸುವ ನೀರಿಗೂ ಕೊಡುತ್ತದೆ. ೩೭ ಅಶ್ವಶಕ್ತಿಯೆಂದರೆ ಸುಮಾರು ೨೮ ಕಿಲೋವಾಟು. ೧೦೦ ಎಂದರೆ ಸುಮಾರು ೭೫ ಕಿಲೋವಾಟು. ಇಪ್ಪತ್ತೆಂಟನ್ನು ಹೊರಹಾಕಲು ಮಾಡಿದ ರೇಡಿಯೇಟರು ಎಪ್ಪತ್ತೈದನ್ನು ಹೊರಹಾಕುವುದೆಂತು? ಎಪ್ರಿಲ್ ತಿಂಗಳ ಮಧ್ಯಾಹ್ನ, ಹೊಸೂರು ರಸ್ತೆಯ ಇಕ್ಕಟ್ಟಿನಲ್ಲಿ, ಗಾಳಿಯೂ ಆಡದೆ ನಿಂತಿರುವಾಗ ಇದರ ಉತ್ತರವು ತಾನಾಗಿಯೇ ಸಿಕ್ಕುತ್ತದೆ.

ಚಿಕ್ಕ ಕಾರುಗಳಲ್ಲಿ ಬಹುಮಟ್ಟಿಗೆ ಪ್ರತ್ಯೇಕ ಅಡಿಗಟ್ಟು ಇರುವುದಿಲ್ಲ. ಬೆಸುಗೆ ಹಾಕಿದ ತಗಡಿನ ಮೈಯೇ ಎಲುಬುಗೂಡಿನ ಕೆಲಸವನ್ನೂ ಮಾಡುತ್ತದೆ. ಇಪ್ಪತ್ತು ಮಳೆಗಾಲಗಳನ್ನು ಕಂಡ ತಗಡು ಒಳಗೊಳಗೇ ತುಕ್ಕು ಹಿಡಿದಿದ್ದರೆ ಮೇಲಿನ ಬಣ್ಣದಿಂದ ಅದು ತಿಳಿಯುವುದಿಲ್ಲ. ಪೀಣ್ಯದವರಿಗೆ ಇದಕ್ಕೊಂದು ದೊಡ್ಡ ನಿದರ್ಶನ ಕಣ್ಣಮುಂದೆಯೇ ಇದೆ. ತುಮಕೂರು ರಸ್ತೆಯ ಮೇಲ್ಸೇತುವೆಯ ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ಕೇಬಲುಗಳಲ್ಲಿ ದೋಷ ಕಂಡುಬಂದುದರಿಂದ ೨೦೨೧ರ ಡಿಸೆಂಬರಿನಲ್ಲಿ ಸಂಚಾರವನ್ನೇ ನಿಲ್ಲಿಸಬೇಕಾಯಿತು. ೨೦೨೨ರ ಫೆಬ್ರವರಿಯಲ್ಲಿ ಮೊದಲು ಹಗುರ ವಾಹನಗಳಿಗೆ ಮಾತ್ರ ಅದನ್ನು ತೆರೆದರು. ಹೊರಗಿನಿಂದ ನೋಡಿದವರಿಗೆ ಸೇತುವೆ ಹಿಂದಿನಂತೆಯೇ ಕಾಣುತ್ತಿತ್ತು. ಯಾವ ಕಟ್ಟಡವಾಗಲಿ ಎಷ್ಟು ಭಾರವನ್ನು ಹೊರಬಲ್ಲುದೆಂಬುದನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಅದರ ಅತ್ಯಂತ ದುರ್ಬಲ ಭಾಗವೇ.

ಕೊನೆಯದಾಗಿ, ಇಂದಿನ ಎಂಜಿನು ಬರಿಯ ಕಬ್ಬಿಣವಲ್ಲ. ಅದರ ಉಸಿರಾಟವನ್ನು ಅಳೆಯುವ ಸಂವೇದಕಗಳು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುವ ಸಂವೇದಕ, ವಿಷಾನಿಲಗಳನ್ನು ಕಳೆಯುವ ವೇಗವರ್ಧಕ, ಇವೆಲ್ಲಕ್ಕೂ ಆಜ್ಞೆ ಕೊಡುವ ಗಣಕ, ಎಲ್ಲವೂ ಸೇರಿ ಒಂದು ಕುಟುಂಬ. ಎಂಜಿನನ್ನು ಮಾತ್ರ ಎತ್ತಿ ತಂದು ಈ ಪರಿವಾರವನ್ನು ಹಿಂದೆ ಬಿಟ್ಟರೆ ಅದು ಹೆಚ್ಚು ಪೆಟ್ರೋಲು ಕುಡಿದು ಹೆಚ್ಚು ಹೊಗೆಯನ್ನು ಉಗುಳುತ್ತದೆ. ೨೦೨೦ರ ಎಪ್ರಿಲಿನಿಂದ ಭಾರತ್ ಸ್ಟೇಜ್ ೬ ಎಂಬ ಕಟ್ಟುನಿಟ್ಟಾದ ಮಿತಿಯನ್ನು ಹೊಸ ವಾಹನಗಳಿಗೆ ವಿಧಿಸಿರುವ ದೇಶದಲ್ಲಿ, ಹಿಂಬಾಗಿಲಿನಿಂದ ಹೊಗೆಯನ್ನು ಒಳಕ್ಕೆ ಕರೆದಂತಾಗುತ್ತದೆ.

ಬೊಮ್ಮಸಂದ್ರದ ಪಾಠ

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೆ?’ ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ಇಲ್ಲ. ಚಿಕ್ಕ ಕಾರಿಗೆ ಬಲವನ್ನು ಕೂಡಿಸುವ ಸರಿಯಾದ ಕ್ರಮ ಯಾವುದೆಂಬುದಕ್ಕೆ ಎರಡು ಒಳ್ಳೆಯ ಮೇಲ್ಪಂಕ್ತಿಗಳುಂಟು. ಒಂದು ದೂರದ್ದು, ಇನ್ನೊಂದು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನದು.

ದೂರದ್ದು ಇಂಗ್ಲೆಂಡಿನ ಮಿನಿ ಕಾರು. ೧೯೫೯ರಲ್ಲಿ ಬಂದ ಆ ಪುಟ್ಟ ಕಾರಿನ ಎಂಜಿನು ೮೪೮ ಘನ ಸೆಂಟಿಮೀಟರಿನದು, ಬಲ ೩೪ ಅಶ್ವಶಕ್ತಿ. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಎಂಬುವರು ಅದರ ಚುರುಕನ್ನು ಕಂಡು, ಹೆಚ್ಚು ಬಲದ ಮಾದರಿಯೊಂದನ್ನು ಮಾಡುವಂತೆ ತಯಾರಕರ ಮನವೊಲಿಸಿದರು. ೧೯೬೧ರಲ್ಲಿ ಹೊರಬಂದ ಮಿನಿ ಕೂಪರ್ ಕಾರಿಗೆ ೯೯೭ ಘನ ಸೆಂಟಿಮೀಟರಿನ, ೫೫ ಅಶ್ವಶಕ್ತಿಯ ಎಂಜಿನು ಇತ್ತು. ಆದರೆ ಅದರ ಜೊತೆಯಲ್ಲಿಯೇ, ಮೂಲ ಕಾರಿನ ಡ್ರಮ್ ಬ್ರೇಕುಗಳನ್ನು ತೆಗೆದು ಮುಂಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಕೊಟ್ಟಿದ್ದರು. ಮುಂದೆ ಅದೇ ವಂಶದ ಕಾರುಗಳು ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಾಗ ಜಗತ್ತು ಎಂಜಿನನ್ನು ಹೊಗಳಿತು. ಬ್ರೇಕಿನ ಹೆಸರನ್ನು ಎತ್ತಿದವರು ಕಡಿಮೆ.

ಹತ್ತಿರದ ನಿದರ್ಶನವು ರೇವಾ ವಿದ್ಯುತ್ ಕಾರು. ಬೊಮ್ಮಸಂದ್ರದಲ್ಲಿ ತಯಾರಾಗಿ ೨೦೦೧ರಲ್ಲಿ ಮಾರಾಟಕ್ಕೆ ಬಂದ ಈ ಕಾರು, ಸಾರ್ವಜನಿಕರು ಕೊಳ್ಳಬಹುದಾದ ವಿದ್ಯುತ್ ಕಾರುಗಳು ಲೋಕದಲ್ಲೇ ಅಪರೂಪವಾಗಿದ್ದ ಕಾಲದಲ್ಲಿ ಲಂಡನ್ನಿನ ಬೀದಿಗಳನ್ನೂ ಮುಟ್ಟಿತು. ಅದರ ಮೊದಲನೆಯ ಮಾದರಿಯಲ್ಲಿ ಇದ್ದುದು ಏಕಮುಖ ವಿದ್ಯುತ್ತಿನಿಂದ ನಡೆಯುವ ಮೋಟಾರು. ಸುಮಾರು ೨೦೦೮ರಲ್ಲಿ ಬಂದ ರೇವಾ-ಐ ಮಾದರಿಯಲ್ಲಿ ಪರ್ಯಾಯ ವಿದ್ಯುತ್ತಿನ ಹೆಚ್ಚು ತಿರುಚುಬಲದ ಮೋಟಾರನ್ನು ಅಳವಡಿಸಿದರು. ಅದೇ ಸಂದರ್ಭದಲ್ಲಿ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದವು. ಡಿಕ್ಕಿಯನ್ನು ತಾಳಿಕೊಳ್ಳುವಂತೆ ಅಡಿಗಟ್ಟನ್ನು ಬಲಪಡಿಸಿದರು. ಗುಂಡಿಗೆ ಬದಲಾದಾಗ ಎಲುಬೂ ನರವೂ ಜೊತೆಗೇ ಬದಲಾದವು. ೨೦೧೦ರಲ್ಲಿ ಆ ಸಂಸ್ಥೆಯು ಮಹೀಂದ್ರ ಸಮೂಹದ ಕೈಸೇರಿತು. ಮಾರಾಟದ ಲೆಕ್ಕದಲ್ಲಿ ರೇವಾ ದೊಡ್ಡ ಗೆಲುವಲ್ಲದಿರಬಹುದು. ಆದರೆ ಬಲವನ್ನು ಹೆಚ್ಚಿಸುವಾಗ ಅನುಸರಿಸಬೇಕಾದ ಶಿಸ್ತಿಗೆ ನಮ್ಮ ಊರಿನಿಂದಲೇ ಒಂದು ಮಾದರಿ ಬೇಕೆಂದರೆ ಅದನ್ನು ಕಾಣಲು ಹೊಸೂರು ರಸ್ತೆಯಲ್ಲಿ ಬಹು ದೂರ ಹೋಗಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ?

ಇನ್ನು ಕಾನೂನಿನ ಮಾತು. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ದೃಢವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡವನ್ನಾಗಲಿ ಆರು ತಿಂಗಳವರೆಗಿನ ಸೆರೆಯನ್ನಾಗಲಿ ಎರಡನ್ನೂ ಆಗಲಿ ವಿಧಿಸಲು ಅವಕಾಶ ಮಾಡಿಕೊಟ್ಟಿದೆ. ಕೆಟ್ಟ ಎಂಜಿನಿನ ಸ್ಥಾನದಲ್ಲಿ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನನ್ನು ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಕೂರಿಸಲು ಹಾದಿಯುಂಟು. ಬೇರೆ ಬಗೆಯ ಹೆಚ್ಚು ಬಲದ ಎಂಜಿನಿಗೆ ಇಲ್ಲ. ಅಪಘಾತವಾದಾಗ ಎಂಜಿನಿನ ಅಂಕೆ ದಾಖಲೆಗೆ ಹೊಂದದಿದ್ದರೆ ವಿಮಾ ಕಂಪನಿಯು ತಕರಾರು ತೆಗೆಯುವುದೂ ಖಂಡಿತ.

ಈ ನಿಷೇಧದ ಹಿಂದಿರುವ ಕಳಕಳಿಯನ್ನು ಒಪ್ಪದವರಿಲ್ಲ. ರಸ್ತೆಯು ಸಾರ್ವಜನಿಕರ ಸೊತ್ತು. ಅಲ್ಲಿ ಒಬ್ಬನ ಪ್ರಯೋಗಕ್ಕೆ ಇನ್ನೊಬ್ಬನು ಬಲಿಯಾಗಬಾರದು. ಆದರೆ ಇದೇ ಕಾನೂನು ಬೇರೆ ಎರಡು ಕಡೆ ಬಾಗಿಲನ್ನು ತೆರೆದಿಟ್ಟಿದೆ ಎಂಬುದನ್ನೂ ಮರೆಯಲಾಗದು. ಪೆಟ್ರೋಲು ಕಾರಿಗೆ ಅನಿಲದ ಉಪಕರಣಗಳನ್ನು ಜೋಡಿಸಬಹುದು. ಹಳೆಯ ಕಾರಿನ ಎಂಜಿನನ್ನೇ ತೆಗೆದು ವಿದ್ಯುತ್ ಮೋಟಾರನ್ನು ಕೂರಿಸುವುದಕ್ಕೂ ನಿಯಮಗಳಿವೆ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯಿಂದ ಒಪ್ಪಿಗೆ ಪಡೆದ ಉಪಕರಣವಾಗಿರಬೇಕು, ಅಧಿಕೃತ ಕಾರ್ಯಾಗಾರದಲ್ಲಿ ಜೋಡಿಸಬೇಕು, ನೋಂದಣಿ ಪತ್ರವನ್ನು ತಿದ್ದಿಸಬೇಕು. ಎಂದರೆ ಮಾರ್ಪಾಡೆಂಬುದು ತಾನೇ ಪಾಪವೆಂದು ಕಾನೂನೂ ಭಾವಿಸಿಲ್ಲ. ಪರೀಕ್ಷೆಯಿಲ್ಲದ ಮಾರ್ಪಾಡನ್ನು ಅದು ಒಪ್ಪುವುದಿಲ್ಲ. ಹಾಗಿರುವಾಗ, ಪರೀಕ್ಷೆಗೆ ಒಳಗಾಗಲು ಸಿದ್ಧನಿರುವ ಪೆಟ್ರೋಲು ಎಂಜಿನಿನ ಹವ್ಯಾಸಿಗೆ ಮಾತ್ರ ಪರೀಕ್ಷಾ ಮಂದಿರದ ಬಾಗಿಲನ್ನೇ ತೋರಿಸದಿರುವುದು ಯಾವ ನ್ಯಾಯ?

ಬಾಗಿಲು ಮುಚ್ಚಿರುವುದರ ಪರಿಣಾಮವನ್ನು ಯೋಚಿಸಬೇಕು. ಕೆಲಸವು ನಿಲ್ಲುವುದಿಲ್ಲ, ಕತ್ತಲೆಗೆ ಸರಿಯುತ್ತದೆ. ಊರಾಚೆಯ ಶೆಡ್ಡಿನಲ್ಲಿ, ಲೆಕ್ಕ ಬಲ್ಲವರ ಕಣ್ಣಿಗೆ ಬೀಳದಂತೆ, ಗುಜರಿಯಿಂದ ತಂದ ಎಂಜಿನನ್ನು ಅಂದಾಜಿನಲ್ಲಿ ಬೆಸುಗೆ ಹಾಕಿ ನಿಲ್ಲಿಸುತ್ತಾರೆ. ಬ್ರೇಕನ್ನು ಬದಲಾಯಿಸಿದರೆ ಮಾರ್ಪಾಡು ಬಯಲಾಗುತ್ತದೆಂಬ ಅಂಜಿಕೆಯಿಂದ ಹಳೆಯ ಬ್ರೇಕನ್ನೇ ಉಳಿಸಿಕೊಳ್ಳುವವರೂ ಇರಬಹುದು. ಸುರಕ್ಷತೆಗೆಂದು ಮಾಡಿದ ನಿಯಮವು ಸುರಕ್ಷತೆಯನ್ನೇ ಕಡಿಮೆ ಮಾಡಿದರೆ, ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಂತಾಗುತ್ತದೆ.

ಮಾಡಬೇಕಾದುದು

ಹೊರನಾಡುಗಳು ಈ ಗಂಟನ್ನು ಬಿಡಿಸಿಕೊಂಡಿರುವ ಬಗೆಯನ್ನು ನಾವೂ ನೋಡಬಹುದು. ಜರ್ಮನಿಯಲ್ಲಿ ಮಾರ್ಪಡಿಸಿದ ವಾಹನವನ್ನು ಮಾನ್ಯತೆ ಪಡೆದ ಪರೀಕ್ಷಕರು ಒಂದೊಂದಾಗಿ ಪರಿಶೀಲಿಸಿ ದಾಖಲೆಯಲ್ಲಿ ಬರೆದುಕೊಡುತ್ತಾರೆ. ಆಸ್ಟ್ರೇಲಿಯದಲ್ಲಿ ಕಾರಿನ ತೂಕಕ್ಕೆ ತಕ್ಕಂತೆ ಕೂರಿಸಬಹುದಾದ ಎಂಜಿನಿನ ಗಾತ್ರಕ್ಕೆ ಮಿತಿ ಹಾಕಿ, ದೊಡ್ಡ ಮಾರ್ಪಾಡುಗಳಿಗೆ ಅನುಮೋದಿತ ಎಂಜಿನಿಯರ ಪ್ರಮಾಣಪತ್ರವನ್ನು ಕೇಳುತ್ತಾರೆ. ೨೦೧೯ರ ತಿದ್ದುಪಡಿಯು ಮಾರ್ಪಾಡಿನ ಷರತ್ತುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿರುವುದರಿಂದ, ಇಂಥದೊಂದು ವ್ಯವಸ್ಥೆಯನ್ನು ಇಲ್ಲಿ ತರಲು ಹೊಸ ಅಧಿನಿಯಮವೇನೂ ಬೇಕಾಗಲಾರದು. ಎಂಜಿನಿನ ಬಲಕ್ಕೆ ಕಾರಿನ ತೂಕವನ್ನು ಅನುಸರಿಸಿ ಮಿತಿ ಇರಲಿ. ಬ್ರೇಕು, ಸ್ಟೇರಿಂಗು, ಹೊಗೆ, ಒಡಲಿನ ಗಟ್ಟಿತನ ಈ ನಾಲ್ಕರ ಪರೀಕ್ಷೆ ಕಡ್ಡಾಯವಾಗಲಿ. ಪರೀಕ್ಷಿಸಿದ ಎಂಜಿನಿಯರು ತನ್ನ ಹೆಸರನ್ನು ಬರೆದು ಹೊಣೆ ಹೊರಲಿ. ಖರ್ಚನ್ನು ಹವ್ಯಾಸಿಯೇ ಕೊಡಲಿ.

ಇದಕ್ಕೆ ಆಕ್ಷೇಪಣೆ ಬರಬಹುದು. ಪ್ರಮಾಣಪತ್ರಗಳು ಹಣಕ್ಕೆ ಸಿಗುವ ನಾಡಿನಲ್ಲಿ ಇದು ಮತ್ತೊಂದು ಲಂಚದ ಕಿಂಡಿಯಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮನುಷ್ಯನ ಕಣ್ಣಂದಾಜಿಗೆ ಬಿಟ್ಟ ಪರೀಕ್ಷೆಯಲ್ಲಿ ಆ ಅಪಾಯ ಹೆಚ್ಚು; ಬ್ರೇಕಿನ ಹಿಡಿತವನ್ನೂ ಹೊಗೆಯನ್ನೂ ಯಂತ್ರವೇ ಅಳೆದು, ಅಳತೆಯು ಯಾರೂ ತಿದ್ದಲಾಗದ ದಾಖಲೆಗೆ ನೇರವಾಗಿ ಹೋಗುವಂತಿದ್ದರೆ ಕಡಿಮೆ. ಅಂಥ ದಾಖಲೆಯನ್ನು ಕಟ್ಟಿಕೊಡುವ ವಿದ್ಯೆಗೆ ಬೆಂಗಳೂರಿನಲ್ಲಿ ಬರವೆ? ಇನ್ನು ಕೆಲವರು, ನಿಂತಲ್ಲೇ ನಿಂತಿರುವ ನಮ್ಮ ವಾಹನಸಂದಣಿಯಲ್ಲಿ ನೂರು ಅಶ್ವಶಕ್ತಿ ಯಾತಕ್ಕೆ ಎನ್ನುತ್ತಾರೆ. ಅದೂ ನಿಜ. ೨೦೧೦ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆಯ ಉದ್ದವೇ ಸುಮಾರು ಹತ್ತು ಕಿಲೋಮೀಟರು. ಅಷ್ಟನ್ನು ಎರಡು ನಿಮಿಷ ಮುಂಚಿತವಾಗಿ ದಾಟಿ, ಕೆಳಗಿಳಿದ ಮೇಲೆ ಇಪ್ಪತ್ತು ನಿಮಿಷ ಕಾದು ನಿಲ್ಲುವುದರಲ್ಲಿ ಲಾಭವಿಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಬಲವು ವೇಗದ ಘನದಂತೆ ಏರುವುದರಿಂದ, ೧೨೦ರ ವೇಗವನ್ನು ೧೬೦ಕ್ಕೆ ಒಯ್ಯಲು ಎರಡೂಕಾಲು ಪಟ್ಟಿಗಿಂತ ಹೆಚ್ಚು ಬಲ ಬೇಕು. ಆದರೂ ತನ್ನ ಕೈಯಿಂದ ಯಂತ್ರವೊಂದನ್ನು ಬಿಚ್ಚಿ ಕಟ್ಟುವ ಆಸೆಯನ್ನು ಉಪಯೋಗದ ತಕ್ಕಡಿಯೊಂದರಲ್ಲೇ ತೂಗಿ ತಳ್ಳಿಹಾಕುವುದು ಉಚಿತವಲ್ಲ. ಪೀಣ್ಯದ ಎಷ್ಟೋ ಕಾರ್ಯಾಗಾರಗಳ ಬೇರು ಇರುವುದು ಅಂಥ ಆಸೆಯಲ್ಲಿಯೇ.

ಆ ಆಸೆಗೆ ಈಗಲೂ ಕಾನೂನುಬದ್ಧವಾದ ಬಯಲುಂಟು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ವಾಹನವನ್ನು ಕಟ್ಟಿ ಸ್ಪರ್ಧಿಸುವ ಬಾಹಾ, ಸುಪ್ರಾ ಮೊದಲಾದ ಪಂದ್ಯಗಳಿವೆ. ಅಲ್ಲಿ ಬ್ರೇಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಾಹನವು ಓಟದ ಗೆರೆಯ ಬಳಿಗೇ ಬರುವಂತಿಲ್ಲ. ನಮ್ಮ ಪಾಲಿಟೆಕ್ನಿಕ್ಕುಗಳೂ ಐ.ಟಿ.ಐ.ಗಳೂ ಸುತ್ತಲಿನ ಕಾರ್ಖಾನೆಗಳ ನೆರವಿನಿಂದ, ಎಂಜಿನನ್ನು ಪೀಠದ ಮೇಲೆ ನಿಲ್ಲಿಸಿ ಅದರ ಬಲವನ್ನು ಅಳೆಯುವ ಡೈನಮೊಮೀಟರನ್ನು ಎಲ್ಲ ವಿದ್ಯಾರ್ಥಿಗಳ ಕೈಗೆ ಎಟುಕಿಸಬೇಕು. ಗೋಡೆಯೊಳಗೆ ನಿಂತ ಎಂಜಿನು ಯಾರನ್ನೂ ಕೊಲ್ಲುವುದಿಲ್ಲ, ಕಲಿಸುವುದು ಮಾತ್ರ ಬಹಳ.

ನಿಮ್ಮ ಮನೆಯಲ್ಲಿಯೇ ಹಳೆಯ ಕಾರೊಂದಿದ್ದರೆ, ಎಂಜಿನಿನ ಗೊಡವೆಗೆ ಹೋಗುವ ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಅದರ ತೂಕವೆಷ್ಟು, ಬ್ರೇಕಿನ ಬಿಲ್ಲೆಯ ದಪ್ಪವೆಷ್ಟು, ಟೈರು ಯಾವ ವರ್ಷದ್ದು, ಬ್ರೇಕು ಎಣ್ಣೆಯನ್ನು ಬದಲಾಯಿಸಿ ಎಷ್ಟು ಕಾಲವಾಯಿತು ಎಂಬುದನ್ನು ಬರೆದಿಡಿ. ಮೇಲೆ ಹೇಳಿದ ಲೆಕ್ಕವನ್ನು ಆ ಅಂಕೆಗಳಿಂದ ಮತ್ತೆ ಮಾಡಿ ನೋಡಿ. ಬ್ರೇಕು ಎಣ್ಣೆಯನ್ನು ಬದಲಾಯಿಸಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಕಾಗಿಲ್ಲ; ಆ ಕೆಲಸವನ್ನು ಈ ಭಾನುವಾರವೇ ಮಾಡಬಹುದು.